ಚಿತ್ರದುರ್ಗದಲ್ಲಿ ಚಿಕ್ಕ ಮಕ್ಕಳ ಜೊತೆ ಬೇಸಿಗೆ ರಜೆ ಹೇಗೆ ಕಳೆಯುತ್ತೀರಿ?

ನಿಮ್ಮ ಪ್ರಶ್ನೆ ಓದಿ ನಗು ಬಂತು. ಹತ್ತು ವರ್ಷದ ಹಿಂದೆ ನಾನೂ ಹೆಚ್ಚುಕಡಿಮೆ ಇದನ್ನೇ ಕೇಳಿದ್ದೆ. ಬೆಂಗಳೂರಿನಿಂದ ದುರ್ಗಕ್ಕೆ ವರ್ಗವಾಗಿದೆ, ಏಪ್ರಿಲ್‌ನಲ್ಲಿ ಮನೆ ಬದಲಾಯಿಸಬೇಕು, ಏಳು ಮತ್ತು ನಾಲ್ಕು ವರ್ಷದ ಮಕ್ಕಳಿದ್ದಾರೆ ಅಂದಿದ್ದೀರಿ. ಆ ಬಿಸಿಲಲ್ಲಿ, ಅಷ್ಟು ಚಿಕ್ಕ ಊರಲ್ಲಿ ರಜೆ ಹೇಗೆ ಕಳೆಯೋದು, ಮಕ್ಕಳಿಗೆ ಏನಾದರೂ ಹವ್ಯಾಸ ಹಚ್ಚಬಹುದಾ, ಏಸಿ ಹಾಕಿಸಲೇಬೇಕಾ ಅಂತ ಕೇಳಿದ್ದೀರಿ. ಏಸಿ ವಿಷಯ ಕೊನೆಗೆ ಹೇಳುತ್ತೇನೆ.

ನನ್ನ ತವರು ತೀರ್ಥಹಳ್ಳಿ ಕಡೆ. ಮದುವೆಯಾಗಿ ಬಂದ ಮೊದಲ ಏಪ್ರಿಲ್‌ನಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಬಟ್ಟೆ ಒಣಹಾಕಲು ಬರಿಗಾಲಲ್ಲಿ ಮಾಳಿಗೆ ಹತ್ತಿ, ಕುಣಿಯುತ್ತಾ ಕೆಳಗಿಳಿದವಳು ನಾನು. ಆವತ್ತು ಅತ್ತೆ ಹೇಳಿದ್ದು: "ಈ ಊರಲ್ಲಿ ಹತ್ತರಿಂದ ಐದು ಸೂರ್ಯಂದು, ಉಳಿದಿದ್ದು ನಮ್ದು ಕಣಮ್ಮಾ." ನಮ್ಮ ಮನೆ ಬೇಸಿಗೆಯಲ್ಲಿ ಈಗಲೂ ನಡೆಯೋದು ಅದೇ ಲೆಕ್ಕದ ಮೇಲೆ. ನಾನು ಹಳ್ಳಿ ಶಾಲೆಯಲ್ಲಿ ಟೀಚರ್, ಹಾಗಾಗಿ ಮಕ್ಕಳ ಜೊತೆಗೇ ನನಗೂ ರಜೆ. ಮನೆಯವರದು ಎಲೆಕ್ಟ್ರಿಕಲ್ ಅಂಗಡಿ. ಫ್ಯಾನು, ಕೂಲರ್ ಮಾರಾಟ ಜೋರಾಗಿರುವ ಕಾಲ, ಅವರು ಸಿಗೋದು ರಾತ್ರಿ ಮಾತ್ರ. ಮಗನಿಗೆ ಎಂಟು, ಮಗಳಿಗೆ ನಾಲ್ಕೂವರೆ.

ಬೆಳಗ್ಗೆ ಅಂದರೆ ಕೋಟೆ. ಪ್ರವಾಸಿಗರ ಹಾಗೆ ಒಂದೇ ದಿನಕ್ಕೆ ಇಡೀ ಕೋಟೆ ನೋಡಲು ಹೋಗಬೇಡಿ, ಮಕ್ಕಳು ಅರ್ಧಕ್ಕೇ ಎತ್ತಿಕೋ ಅಂತಾರೆ. ನೀವು ಇಲ್ಲೇ ಇರುವವರು ಅಲ್ವಾ, ದಿನಕ್ಕೊಂದು ಜಾಗ ಸಾಕು. ಒಂದು ದಿನ ಮದ್ದು ಅರೆಯುವ ಆ ದೊಡ್ಡ ಬೀಸುಕಲ್ಲುಗಳು. ಒಂದು ದಿನ ಏಕನಾಥೇಶ್ವರಿ ಗುಡಿ. ಒಂದು ದಿನ ಸುಮ್ನೆ ಹಿಡಿಂಬೇಶ್ವರನ ಹತ್ತಿರ ಕೂತು ಗಾಳಿ ತಗೊಳ್ಳೋದು. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಒಂದೇ ಎಚ್ಚರಿಕೆ: ಬಿಸ್ಕತ್ ಪೊಟ್ಟಣ ಕೈಯಲ್ಲಿ ಹಿಡಿದು ನಡೆಯಬೇಡಿ. ಕೋತಿಗಳು ನಿಮಗಿಂತ ಮುಂಚೆ ಎದ್ದಿರುತ್ತವೆ.

ನಮ್ಮ ಮಗಳಿಗೆ ಓಬವ್ವನ ಕಿಂಡಿ ಬಿಟ್ಟರೆ ಬೇರೆ ಕೋಟೆಯೇ ಇಲ್ಲ. ಹೋದ ವರ್ಷ ಒಂದು ಬೆಳಗ್ಗೆ ಅಲ್ಲಿಗೆ ಹೋದ ಮೇಲೆ ಅವಳ ಚೀಲದಿಂದ ನಮ್ಮ ಅಡುಗೆಮನೆಯ ಲಟ್ಟಣಿಗೆ ಹೊರಗೆ ಬಂತು. ಒನಕೆ ಎತ್ತಲಾಗದವಳು ಅದನ್ನು ಕದ್ದು ತಂದಿದ್ದಾಳೆ! ಅಣ್ಣ ಹೈದರನ ಸೈನಿಕ. ಕಿಂಡಿಯಿಂದ ತಲೆ ಹಾಕಬೇಕು, ಏಟು ತಿನ್ನಬೇಕು, ಸಾಯಬೇಕು, ಎದ್ದು ಹಿಂದೆ ಹೋಗಿ ಮತ್ತೆ ಬರಬೇಕು. ಏಳನೇ ಸಲ ಸತ್ತ ಮೇಲೆ ಅವನು, "ಅಮ್ಮಾ, ಇನ್ನು ನಾನು ಓಬವ್ವನ ಗಂಡ ಆಗ್ತೀನಿ, ಊಟ ಮಾಡೋ ಕೆಲಸ ಅಷ್ಟೇ" ಅಂದ. ಆವತ್ತು ಬೆಳಗಿನ ತಿಂಡಿಗೆ ಚಪಾತಿ ಮಾಡೋಣ ಅಂದರೆ ಅತ್ತೆಗೆ ಲಟ್ಟಣಿಗೆ ಸಿಕ್ಕಿರಲಿಲ್ಲ. ಆ ಕಥೆ ಬೇರೆ.

ಮಗನಿಗೆ ಹಿಡಿದದ್ದು ನೀರಿನ ದಾರಿ. ಕೋಟೆಯ ಮೇಲೆ ಗೋಪಾಲಸ್ವಾಮಿ ಹೊಂಡ ಇದೆ. ಅದು ತುಂಬಿ ಹರಿದರೆ ನೀರು ಅಕ್ಕ-ತಂಗಿ ಹೊಂಡಕ್ಕೆ ಇಳಿಯುತ್ತದೆ. ಅಲ್ಲಿಂದ ಕೆಳಗೆ ಬಂದು ಕೊನೆಗೆ ಊರೊಳಗಿನ ಸಿಹಿನೀರು ಹೊಂಡ, ಸಂತೆಹೊಂಡ. ಪಾಳೆಗಾರರ ಕಾಲದ ಏರ್ಪಾಡು ಇದು. ಬಂಡೆ ಮೇಲೆ ಬಿದ್ದ ಮಳೆಯನ್ನು ಒಂದು ಹನಿಯೂ ಸುಮ್ನೆ ಬಿಡದ ಜನ. ಬೇಸಿಗೆಯಲ್ಲಿ ನೀರು ಕೆಳಗಿಳಿದಾಗ ಹೊಂಡದ ಮೆಟ್ಟಿಲುಗಳು ಒಂದೊಂದೇ ಕಾಣುತ್ತವೆ. ಅವನು ನೋಟ್‌ಬುಕ್ಕಲ್ಲಿ ನಕ್ಷೆ ಬರೆದುಕೊಂಡು ವಾರಕ್ಕೊಮ್ಮೆ ಮೆಟ್ಟಿಲು ಎಣಿಸುತ್ತಾನೆ, ನಾನು ಕೈ ಹಿಡಿದುಕೊಂಡು ದೂರ ನಿಲ್ಲಿಸಿರುತ್ತೇನೆ. ಹೊಂಡದ ಹತ್ತಿರ ಮಕ್ಕಳ ಕೈ ಬಿಡಲೇಬೇಡಿ. ಚಂದ್ರವಳ್ಳಿ ಕೆರೆಯಲ್ಲೂ ಅಷ್ಟೇ, ಈಜು ಗೀಜು ಬೇಡವೇ ಬೇಡ.

ಚಂದ್ರವಳ್ಳಿ ಅಂದೆ ಅಲ್ವಾ, ಅದು ಊರಿನ ಬೆನ್ನಿಗೇ ಇದೆ. ಕದಂಬರ ಮಯೂರಶರ್ಮನ ಶಾಸನ ಅಲ್ಲಿನ ಭೈರವೇಶ್ವರ ಗುಡಿ ಹತ್ತಿರದ ಬಂಡೆ ಮೇಲಿದೆ, ಪ್ರಾಕೃತದಲ್ಲಿ. ಕೆರೆ ಕಟ್ಟಿಸಿದ್ದರ ಬಗ್ಗೆ ಬರೆಸಿದ್ದಂತೆ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಇಲ್ಲಿ ಅಗೆಸಿದ್ದರು. ಮಕ್ಕಳಿಗೆ ಇದೆಲ್ಲ ಬೇಡ, ಅಂಕಲಿ ಮಠದ ಗವಿಗಳು ಸಾಕು. ಒಳಗೆ ತಣ್ಣಗೆ, ಕತ್ತಲೆ. ಟಾರ್ಚ್ ಒಯ್ಯಿರಿ.

ಈಗ ಮಧ್ಯಾಹ್ನ. ನಿಮಗೆ ಭಯ ಇರೋದು ಇದರದ್ದೇ ಅನ್ಸುತ್ತೆ, ನನಗೂ ಇತ್ತು. ಆ ಭಯಕ್ಕೇ ಒಂದು ವರ್ಷ ಮಗನನ್ನು ಬೇಸಿಗೆ ಶಿಬಿರಕ್ಕೆ ಸೇರಿಸಿದೆವು. ಚಿತ್ರಕಲೆ, ಅಬ್ಯಾಕಸ್, ನೃತ್ಯ, ವ್ಯಕ್ತಿತ್ವ ವಿಕಸನ ಅಂತ ಪಟ್ಟಿ ದೊಡ್ಡದಿತ್ತು. ಮೂರನೇ ದಿನ ಬೇಗ ಕರೆದುಕೊಂಡು ಬರಲು ಹೋದೆ. ಮೂವತ್ತು ಮಕ್ಕಳನ್ನು ಒಂದು ಕೋಣೆಯಲ್ಲಿ ಕೂರಿಸಿ ಟಿವಿಯಲ್ಲಿ ಕಾರ್ಟೂನ್ ಹಾಕಿದ್ದರು. ದುಡ್ಡು ವಾಪಸ್ ಬರಲಿಲ್ಲ. ಕೀಬೋರ್ಡ್ ಕ್ಲಾಸಿನ ಕೀಬೋರ್ಡು ಈಗ ಮಂಚದ ಕೆಳಗಿದೆ. ಹವ್ಯಾಸ ಅಂತ ನಾವು ದುಡ್ಡು ಕೊಟ್ಟು ತಂದದ್ದು ಯಾವುದೂ ಮನೆಯಲ್ಲಿ ನಿಲ್ಲಲಿಲ್ಲ.

ನಿಂತದ್ದು ಚೌಕಾಬಾರ. ಕರೆಂಟ್ ಹೋದ ಒಂದು ಮಧ್ಯಾಹ್ನ ಅತ್ತೆ ಹಜಾರದ ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದೈದು ಮನೆ ಬರೆದು, ಡಬ್ಬಿಯಿಂದ ನಾಲ್ಕು ಹುಣಸೆ ಬೀಜ ತೆಗೆದು ಮೊಮ್ಮಗನ ಕೈಗಿಟ್ಟರು. "ಉಜ್ಜು." ಒಂದೇ ಮಗ್ಗುಲು ಕಲ್ಲಿಗೆ ಉಜ್ಜಬೇಕು, ಕಂದು ಸಿಪ್ಪೆ ಹೋಗಿ ಒಳಗಿನ ಬಿಳಿ ಕಾಣುವವರೆಗೆ. ಉಜ್ಜಿ ಉಜ್ಜಿ ಬೀಜ ಕಾಯುತ್ತದೆ. ಹಾಗೆ ಕಾದ ಬೀಜವನ್ನು ಪಕ್ಕದವರ ತೋಳಿಗೆ ಚುರ್ ಅನ್ನಿಸೋದು ನಮ್ಮ ಕಾಲದ ಕಿಡಿಗೇಡಿತನ. ಯಾರೂ ಹೇಳಿಕೊಡದೆಯೇ ನನ್ನ ಮಗ ಅದನ್ನು ಐದೇ ನಿಮಿಷದಲ್ಲಿ ಕಂಡುಹಿಡಿದ. ತಂಗಿ ಕಿರುಚಿದ್ದು ಬೀದಿ ತನಕ ಕೇಳಿಸಿತು.

ನಾಲ್ಕೂ ಬಿಳಿ ಬಿದ್ದರೆ ಚೌಕ, ನಾಲ್ಕು ಮನೆ. ನಾಲ್ಕೂ ಕಪ್ಪು ಬಿದ್ದರೆ ಬಾರ, ಎಂಟು ಮನೆ. ಅತ್ತೆಗೆ ಅರವತ್ತೆಂಟು ವರ್ಷ. ಮಕ್ಕಳು ಅಂತ ಬಿಟ್ಟುಕೊಡೋ ಪೈಕಿ ಅಲ್ಲ. ಮೊಮ್ಮಗಳ ಕಾಯಿ ಹಣ್ಣಾಗಲು ಒಂದೇ ಮನೆ ಇದ್ದಾಗ ಕಡಿದು ಹಾಕಿ, "ಅಳಬೇಡ, ಮತ್ತೆ ಗರ ಹಾಕು" ಅಂತಾರೆ. ಮೊದಮೊದಲು ನನಗೆ ಇಷ್ಟವಾಗುತ್ತಿರಲಿಲ್ಲ. ಈಗ ನಾನೂ ಕಡಿಯುತ್ತೇನೆ.

ಸಂಡಿಗೆ ವಿಷಯ ನಿಮಗೆ ಗೊತ್ತೇ ಇರುತ್ತೆ. ಮಕ್ಕಳಿಗೆ ಕಾಗೆ ಓಡಿಸುವ ಕೆಲಸ, ಸಂಬಳಕ್ಕೆ ಹಸಿ ಹಿಟ್ಟು. ಒಣಗಿದ್ದಕ್ಕಿಂತ ಹೊಟ್ಟೆಗೆ ಹೋದದ್ದೇ ಜಾಸ್ತಿ.

ಆ ಸಂಡಿಗೆ ಕಾಯುವ ಮಾಳಿಗೆಯಲ್ಲೇ ಸಿಕ್ಕ ಇನ್ನೊಂದು ಹುಚ್ಚಿನ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನೀವು ಏಪ್ರಿಲ್‌ನಲ್ಲೇ ಬರುವುದರಿಂದ ಈ ವರ್ಷವೇ ಮಾಡಬಹುದು. ಕರ್ಕಾಟಕ ವೃತ್ತಕ್ಕಿಂತ ಕೆಳಗಿರುವ ನಮ್ಮಂಥ ಊರುಗಳಲ್ಲಿ ವರ್ಷಕ್ಕೆ ಎರಡು ದಿನ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬರುತ್ತಾನೆ. ನೆಟ್ಟಗೆ ನಿಂತ ವಸ್ತುವಿಗೆ ಆಗ ನೆರಳೇ ಇರುವುದಿಲ್ಲ. ಬೆಂಗಳೂರಲ್ಲಿ ಅದು ಏಪ್ರಿಲ್ 24ರ ಸುಮಾರಿಗೆ. ದುರ್ಗ ಇನ್ನಷ್ಟು ಉತ್ತರಕ್ಕೆ, ಸುಮಾರು 14.2 ಡಿಗ್ರಿ ಅಕ್ಷಾಂಶದಲ್ಲಿದೆ. ಹಾಗಾಗಿ ಇಲ್ಲಿ 28ರ ಆಸುಪಾಸು. ಗಡಿಯಾರ ನೋಡಿಕೊಂಡು ಹನ್ನೆರಡಕ್ಕೇ ಹೋದರೆ ಮೋಸ ಹೋಗ್ತೀರಿ. ನಮ್ಮ ದೇಶದ ಗಡಿಯಾರದ ಸಮಯ 82.5 ಡಿಗ್ರಿ ರೇಖಾಂಶದ್ದು. ನಾವು ಅದಕ್ಕಿಂತ ಪಶ್ಚಿಮಕ್ಕಿದ್ದೇವೆ, ಸೂರ್ಯ ಇಲ್ಲಿ ನೆತ್ತಿಗೆ ಬರೋದು 12.20 ದಾಟಿದ ಮೇಲೆ.

ನಾವು ಇಟ್ಟಿದ್ದು ಅತ್ತೆಯ ಹಿತ್ತಾಳೆ ಪಾವು. ಅಕ್ಕಿ ಅಳೆಯುವುದಕ್ಕೆ ಇರುತ್ತಲ್ಲ, ಅದೇ. ಲೋಟ ಇಡಬೇಡಿ, ಬಾಯಿ ಅಗಲ ಇರುವುದರಿಂದ ಗೊತ್ತಾಗಲ್ಲ. ಹನ್ನೆರಡಕ್ಕೆ ನೆರಳಿನ ಸುತ್ತ ಸೀಮೆಸುಣ್ಣದ ಗೆರೆ. ಐದು ನಿಮಿಷಕ್ಕೊಂದು ಗೆರೆ. ತಲೆ ಮೇಲೆ ಒದ್ದೆ ಟವೆಲ್, ಕಾಲಿಗೆ ಚಪ್ಪಲಿ. ಹೆಬ್ಬೆರಳಷ್ಟು ಇದ್ದ ನೆರಳು ಉಗುರಿನಷ್ಟಾಯಿತು, ಆಮೇಲೆ ದಾರದಷ್ಟು. ನೋಡುತ್ತಿದ್ದಂತೆ ಅದೂ ಇಲ್ಲ. ಬಿಸಿಲಲ್ಲಿ ಪಾವು ಗಾಳಿಯಲ್ಲಿ ತೇಲುತ್ತಿರುವ ಹಾಗೆ ಕಂಡಿತು, ನೆರಳಿಲ್ಲದ ವಸ್ತು ನೋಡಿ ನಮ್ಮ ಕಣ್ಣಿಗೆ ಅಭ್ಯಾಸವೇ ಇಲ್ಲ. ಮಗಳು ಮೆಲ್ಲಗೆ ಹೋಗಿ ಪಾವನ್ನು ಎತ್ತಿ ಕೆಳಗೆ ನೋಡಿದಳು. "ಇಲ್ಲಿ ಬಚ್ಚಿಟ್ಕೊಂಡಿಲ್ಲ" ಅಂದಳು. ನಲವತ್ತು ವರ್ಷ ಅದೇ ಮಾಳಿಗೆಯಲ್ಲಿ ಹಪ್ಪಳ ಒಣಗಿಸಿದ ಅತ್ತೆ, "ನಂಗಿದು ಗೊತ್ತೇ ಇರ್ಲಿಲ್ಲವಲ್ಲೇ" ಅಂತ ಅಲ್ಲೇ ಕೂತುಬಿಟ್ಟರು.

ಅದರಿಂದ ಮಗನಿಗೆ ಹೊಸ ಕೆಲಸ ಹತ್ತಿತು. ಭಾನುವಾರ ಭಾನುವಾರ ಮಧ್ಯಾಹ್ನದ ನೆರಳು ಗುರುತು ಮಾಡೋದು. ಆ ದಿನದವರೆಗೆ ಮಧ್ಯಾಹ್ನದ ನೆರಳು ಉತ್ತರಕ್ಕೆ ಬೀಳುತ್ತಿತ್ತು, ಕೋಟೆ ಬೆಟ್ಟವೋ ಬೇರೆ ಗುರುತೋ ಇಟ್ಟುಕೊಂಡು ನೋಡಿದರೆ ತಿಳಿಯುತ್ತದೆ. ಆಮೇಲೆ ದಕ್ಷಿಣಕ್ಕೆ ತಿರುಗಿತು. ಆಗಸ್ಟ್ ಮಧ್ಯದಲ್ಲಿ ಇನ್ನೊಮ್ಮೆ ಶೂನ್ಯ ನೆರಳು ಬರುತ್ತದೆ, ಆದರೆ ಆಗ ಮೋಡದ್ದೇ ಕಾಟ. ಹೋದ ಸಲ ಕೊಡೆ ಹಿಡಿದು ಕಾದು ವಾಪಸ್ ಬಂದೆವು.

ಸಂಜೆ ಬಗ್ಗೆ ಹೆಚ್ಚು ಹೇಳಲು ಏನಿಲ್ಲ. ಐದೂವರೆಗೆ ಬೀದಿ ತುಂಬ ಮಕ್ಕಳು, ಲಗೋರಿ, ಕ್ರಿಕೆಟ್ಟು. ನಿಮ್ಮ ಮಕ್ಕಳಿಗೆ ಎರಡೇ ದಿನದಲ್ಲಿ ಜೊತೆ ಸಿಗುತ್ತೆ. ಮಂಡಕ್ಕಿ ಮೆಣಸಿನಕಾಯಿ ಎಲ್ಲಿ ಚೆನ್ನಾಗಿರುತ್ತೆ ಅಂತ ಅಕ್ಕಪಕ್ಕದ ಮನೆಯವರೇ ಜಗಳವಾಡಿ ಹೇಳುತ್ತಾರೆ. ಭಾನುವಾರ ಆಡುಮಲ್ಲೇಶ್ವರದ ಪುಟ್ಟ ಮೃಗಾಲಯ, ಹಾಗೇ ಮೇಲೆ ಜೋಗಿಮಟ್ಟಿ, ಅಲ್ಲಿ ನಿಂತರೆ ಗಾಳಿಗೆ ಟೋಪಿ ನಿಲ್ಲಲ್ಲ. ಹಿರಿಯೂರು ಹತ್ತಿರದ ವಾಣಿವಿಲಾಸ ಸಾಗರ ಅರ್ಧ ದಿನದ ಓಡಾಟ. 1907ರಲ್ಲಿ ಮುಗಿದ ಕಟ್ಟೆ. 1933ರ ನಂತರ ಕೋಡಿ ಬಿದ್ದಿದ್ದು 2022ರಲ್ಲಿ, ಆಗ ಇಡೀ ಜಿಲ್ಲೆಯೇ ಅಲ್ಲಿತ್ತು ಅನ್ನಿ. ಬೆಣ್ಣೆ ದೋಸೆಗೆ ದಾವಣಗೆರೆ ಇದ್ದೇ ಇದೆ, ಬೆಳಗ್ಗೆ ಬೇಗ ಹೊರಟರೆ ಬಿಸಿಲೇರುವ ಮುಂಚೆ ವಾಪಸ್.

ರಾತ್ರಿ ಮನೆಯವರ ಪಾಳಿ. ಒಂಬತ್ತೂವರೆಗೆ ಅಂಗಡಿ ಮುಚ್ಚಿ ಬಂದು, ಉಂಡು, ಚಾಪೆ ಹೊತ್ತು ಮಾಳಿಗೆ ಹತ್ತುತ್ತಾರೆ. ಈ ಊರಿನ ಬಂಡೆಗಳು ಹಗಲು ಕುಡಿದ ಬಿಸಿಲನ್ನು ಬೇಗ ಬಿಡುವುದಿಲ್ಲ, ಒಳಗೆ ಮಲಗಿದರೆ ಗೋಡೆಯೂ ಬೆಚ್ಚಗಿರುತ್ತದೆ. ಮೇಲೆ ಮಾತ್ರ ಗಾಳಿ. ಅವರು ರೈತರ ಮನೆಯ ಮಗ, ನಕ್ಷತ್ರ ಕಲಿತದ್ದು ಮಳೆ ಲೆಕ್ಕಕ್ಕೆ. ಸಪ್ತರ್ಷಿಗಳ ಬಾಲ ಹಿಡಿದು ಹಾಗೇ ಬಾಗಿದಂತೆ ಹೋದರೆ ಸ್ವಾತಿ, ಇನ್ನೂ ಮುಂದೆ ಹೋದರೆ ಚಿತ್ತಾ ಅಂತ ಮಕ್ಕಳಿಗೆ ಬೆರಳಲ್ಲಿ ತೋರಿಸುತ್ತಾರೆ. ವಸಿಷ್ಠನ ಪಕ್ಕದ ಅರುಂಧತಿ ಮಗನಿಗೆ ಕಾಣುತ್ತೆ, ಕನ್ನಡಕ ತೆಗೆದರೆ ನನಗೆ ಇಬ್ಬರೂ ಕಾಣಲ್ಲ.

ಏಪ್ರಿಲ್ ಕೊನೆಗೆ ಭರಣಿ ಮಳೆ ಹುಟ್ಟುತ್ತದೆ. ಭರಣಿ ಸುರಿದರೆ ಧರಣಿ ಬದುಕೀತು ಅಂತ ಗಾದೆ. ಅದು ಸುರಿಯೋದು ಮಾತ್ರ ಯಾವಾಗಲೂ ನಮಗೆ ಗಾಢ ನಿದ್ದೆ ಹತ್ತಿದಾಗ. ಮೊದಲು ಮಣ್ಣಿನ ವಾಸನೆ, ಆಮೇಲೆ ಮುಖದ ಮೇಲೆ ಕಾಸಿನಗಲದ ಹನಿ. ಚಾಪೆ ಒಬ್ಬರು, ದಿಂಬು ಒಬ್ಬರು, ನಿದ್ದೆಗಣ್ಣಿನ ಮಗಳನ್ನು ಒಬ್ಬರು ಹೊತ್ತುಕೊಂಡು ಮೆಟ್ಟಿಲಿಳಿಯುವಷ್ಟರಲ್ಲಿ ಅತ್ತೆ ಕೆಳಗಿನಿಂದ, "ಸಂಡಿಗೆ ತಂದ್ರಾ?" ಅಂತ ಕೂಗುತ್ತಾರೆ. ಯಾರೂ ತಂದಿರುವುದಿಲ್ಲ.

ಇನ್ನು ಏಸಿ. ಮನೆಯವರನ್ನು ಕೇಳಿದರೆ ಹಾಕಿಸಿ ಅಂತಾರೆ, ಅಂಗಡಿ ಅವರದೇ ಅಲ್ವಾ. ನನ್ನ ಪ್ರಕಾರ ಕೂಲರ್ ಸಾಕು. ಇಲ್ಲಿನ ಗಾಳಿ ಒಣಗಾಳಿ, ಕೂಲರ್ ಚೆನ್ನಾಗಿ ತಂಪು ಕೊಡುತ್ತದೆ. ಕಿಟಕಿ ಒಂದು ತೆರೆದಿಡಿ, ಎಲ್ಲ ಮುಚ್ಚಿದರೆ ಕೋಣೆ ಜಿಗಿಜಿಗಿ ಆಗುತ್ತೆ. ಅದಕ್ಕಿಂತ ಮುಖ್ಯ, ಬಾಡಿಗೆ ಮನೆ ನೋಡುವಾಗ ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ, ಸಂಪು ಎಷ್ಟು ದೊಡ್ಡದು ಅಂತ ಕೇಳಿ. ಆಮೇಲೆ ಮಾಳಿಗೆಗೆ ಮೆಟ್ಟಿಲು ಇದೆಯಾ, ಇದ್ದರೆ ಆ ಬಾಗಿಲಿನ ಬೀಗದ ಕೈ ಓನರ್ ನಿಮ್ಮ ಹತ್ತಿರ ಬಿಡುತ್ತಾರಾ ಅಂತಲೂ ಕೇಳಿ. ಬಿಡಲ್ಲ ಅಂದರೆ ಬೇರೆ ಮನೆ ನೋಡಿ.