ಟಿಸಿ ತಗೊಳ್ಳಿ ಅಂದಿದ್ದಾರೆ, ನಾನೇನು ಮಾಡಲಿ?

"ಮಗನಿಗೆ ಏಳು ವರ್ಷ, ಎರಡನೇ ಕ್ಲಾಸು. ಕ್ಲಾಸಲ್ಲಿ ಒಂದು ಕಡೆ ಕೂರಲ್ಲ, ಪಕ್ಕದ ಮಕ್ಕಳಿಗೆ ಹೊಡೀತಾನೆ, ಹೋದ ತಿಂಗಳು ಒಬ್ಬ ಹುಡುಗನ ಕೈ ಕಚ್ಚಿ ರಕ್ತ ಬಂತು. ಹತ್ತು ಸಲ ಕರೆದರೆ ಒಂದು ಸಲ ತಿರುಗ್ತಾನೆ, ಟಿವಿ ಮಾತ್ರ ಜೋರಾಗಿ ಇಟ್ಕೊಂಡು ಅದರ ಮುಂದೇ ಕೂರ್ತಾನೆ. ರಾತ್ರಿ ಬಾಯಿ ತೆರೆದು ಗೊರಕೆ ಹೊಡೀತಾ ಹೊರಳಾಡ್ತಾನೆ, ಬೆಳಗ್ಗೆ ಎಬ್ಬಿಸೋದೇ ಒಂದು ಯುದ್ಧ. ಡಾಕ್ಟರಿಗೆ ತೋರಿಸಿ, ಇಲ್ಲಾಂದ್ರೆ ಟಿಸಿ ತಗೊಳ್ಳಿ ಅಂತ ಶಾಲೆಯವರು ಹೇಳಿದ್ದಾರೆ. ನನ್ನ ಮುದ್ದೇ ಇದಕ್ಕೆಲ್ಲ ಕಾರಣ ಅಂತಾರೆ ಅತ್ತೆಯವರು. 'ನಾನೂ ಹಾಗೇ ಇದ್ದೆ, ನಾಲ್ಕು ಬಿಗಿದ್ರೆ ಸರಿಹೋಗ್ತಾನೆ' ಅಂತಾರೆ ನಮ್ಮನೆಯವರು. ಹುಚ್ಚಾಸ್ಪತ್ರೆಗೆ ಕರ್ಕೊಂಡು ಹೋದ ಹೆಸರು ಮುಂದೆ ಅವನಿಗೆ ಅಂಟಿಕೊಂಡ್ರೆ ಅಂತ ನನಗೆ ಭಯ. ಮೊನ್ನೆ ತಡೆಯೋಕಾಗದೆ ನಾನೇ ಸೌಟಲ್ಲಿ ಹೊಡೆದೆ. ಆಮೇಲೆ ಅಡುಗೆಮನೆಯಲ್ಲಿ ಒಬ್ಬಳೇ ಕೂತು ಅಳ್ತಾ ಇದ್ದೆ."
ಒಬ್ಬ ತಾಯಿ, ದಾವಣಗೆರೆ ಜಿಲ್ಲೆ

ತಂಗಿ, ನಿಮ್ಮ ಪತ್ರ ಎರಡು ಸಲ ಓದಿದೆ. ಮೊದಲನೇ ಸಲ ಆ ಸೌಟಿನ ಸಾಲಲ್ಲೇ ನಿಂತುಬಿಟ್ಟೆ. ಎರಡನೇ ಸಲ ಓದುವಾಗ ನೀವು ಸುಮ್ನೆ ಹೇಳಿಕೊಂಡು ಹೋದ ಎರಡು ಮಾತು ಕಣ್ಣಿಗೆ ಬಿತ್ತು. ಕರೆದರೆ ತಿರುಗಲ್ಲ, ಟಿವಿ ಜೋರಾಗಿ ಬೇಕು. ರಾತ್ರಿ ಬಾಯಿ ತೆರೆದು ಗೊರಕೆ. ಇವೆರಡನ್ನೂ ನೀವು ಅವನ ಹಟದ ಲೆಕ್ಕಕ್ಕೆ ಸೇರಿಸಿದ್ದೀರಿ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ.

ಮೂಗಿನ ಹಿಂದೆ ಅಡಿನಾಯ್ಡ್ ಅನ್ನೋ ಸಣ್ಣ ಗಡ್ಡೆ ಎಲ್ಲ ಮಕ್ಕಳಿಗೂ ಇರುತ್ತದೆ. ಕೆಲವರಲ್ಲಿ ಅದು ದಪ್ಪವಾಗಿ ಮೂಗಿನ ದಾರಿ ಕಟ್ಟುತ್ತದೆ. ಆಗ ಮಗು ಬಾಯಲ್ಲಿ ಉಸಿರಾಡುತ್ತದೆ, ಗೊರಕೆ ಬರುತ್ತದೆ, ಹತ್ತು ಗಂಟೆ ಮಲಗಿದ್ದರೂ ನಿದ್ದೆ ತುಂಡು ತುಂಡಾಗುತ್ತದೆ. ನಿದ್ದೆಗೆಟ್ಟರೆ ನಾವು ದೊಡ್ಡವರು ತೂಕಡಿಸುತ್ತೇವೆ, ಆದರೆ ಮಕ್ಕಳು ಎಷ್ಟೋ ಸಲ ಉಲ್ಟಾ, ಕುಣಿದಾಡುತ್ತಾರೆ, ಸಣ್ಣದಕ್ಕೂ ರೇಗುತ್ತಾರೆ, ಒಂದು ಕಡೆ ಮನಸ್ಸು ನಿಲ್ಲಿಸೋಕೆ ಅವರಿಗೆ ಆಗುವುದಿಲ್ಲ. ಅದೇ ಅಡಿನಾಯ್ಡ್‌ನಿಂದ ಕಿವಿ ತಮಟೆಯ ಹಿಂದೆ ನೀರು ನಿಂತು ಕಿವಿ ಮಂದವಾಗಲೂಬಹುದು. ಇದು ಪೂರ್ತಿ ಕಿವುಡಲ್ಲ. ಒಂದು ವಾರ ಚೆನ್ನಾಗಿ ಕೇಳುತ್ತದೆ, ನೆಗಡಿ ಬಂದ ವಾರ ಕೇಳುವುದಿಲ್ಲ. ಮನೆಯವರಿಗೆ ಅನಿಸೋದು ಏನು? 'ಬೇಕಾದಾಗ ಕೇಳಿಸುತ್ತೆ, ಬೇಡವಾದಾಗ ಕೇಳಿಸಲ್ಲ' ಅಂತ. ನಲವತ್ತು ಮಕ್ಕಳ ಗಲಾಟೆಯಲ್ಲಿ ಮಿಸ್ ಹೇಳಿದ್ದು ಅರ್ಧ ಮಾತ್ರ ಕಿವಿಗೆ ಬಿದ್ದರೆ ಆ ಮಗು ಎಷ್ಟು ಹೊತ್ತು ತೆಪ್ಪಗೆ ಕೂತೀತು, ನೀವೇ ಹೇಳಿ.

ನಿಮ್ಮ ಮಗನಿಗೆ ಆಗಿರೋದು ಇದೇ ಅಂತ ನಾನು ಹೇಳುತ್ತಿಲ್ಲ, ಪತ್ರ ಓದಿ ಯಾರೂ ಹಾಗೆ ಹೇಳಬಾರದು. ಆದರೆ ಮೊದಲು ಕಿವಿ-ಮೂಗು-ಗಂಟಲಿನ ಡಾಕ್ಟರಿಗೆ ತೋರಿಸಿ. ಜಿಲ್ಲಾಸ್ಪತ್ರೆಯಲ್ಲಿ ಇರುತ್ತಾರೆ. ಕಿವಿ ಪರೀಕ್ಷೆಗೆ ಸೂಜಿ ಚುಚ್ಚುವುದಿಲ್ಲ, ನೋವಾಗುವುದಿಲ್ಲ. ಕಣ್ಣನ್ನೂ ಒಮ್ಮೆ ನೋಡಿಸಿಬಿಡಿ.

ಕಿವಿ, ಮೂಗು ಸರಿಯಾಗಿದ್ದರೆ ಅಥವಾ ಚಿಕಿತ್ಸೆ ಆದಮೇಲೂ ಇದೇ ಥರ ಮುಂದುವರಿದರೆ, ಮಕ್ಕಳ ಮನಸ್ಸಿನ ಡಾಕ್ಟರನ್ನು ನೋಡಲೇಬೇಕು. ನೀವು ಅಂತರ್ಜಾಲದಲ್ಲಿ ಎಡಿಎಚ್‌ಡಿ ಅನ್ನೋ ಪದವನ್ನು ಈಗಾಗಲೇ ಓದಿ ಹೆದರಿರಬಹುದು. ಗಮನ ನಿಲ್ಲದ, ವಿಪರೀತ ಚಡಪಡಿಸುವ ತೊಂದರೆಗೆ ಹಾಗನ್ನುತ್ತಾರೆ. ಕ್ಲಾಸಲ್ಲಿ ಕೂರಲ್ಲ ಅಂದ ಮಾತ್ರಕ್ಕೆ ಅದು ಅದೇ ಆಗುವುದಿಲ್ಲ. ಕನಿಷ್ಠ ಆರು ತಿಂಗಳಿಂದ, ಮನೆಯಲ್ಲೂ ಶಾಲೆಯಲ್ಲೂ ಎರಡೂ ಕಡೆ ಹಾಗಿದೆಯಾ ಅಂತ ಡಾಕ್ಟರು ಕೇಳಿ ತಿಳಿದುಕೊಳ್ಳಬೇಕಾಗುತ್ತದೆ. ಓದೋಕೆ ಅಕ್ಷರ ಕೂಡಿಬರದ ಮಗುವೂ ಬೆಂಚು ಬಿಟ್ಟು ಏಳುತ್ತದೆ. ಮನಸ್ಸಲ್ಲಿ ಏನೋ ಹೆದರಿಕೆ ಇಟ್ಟುಕೊಂಡ ಮಗುವೂ ಹೊಡೆಯುತ್ತದೆ, ಕಚ್ಚುತ್ತದೆ.

ನಿಮ್ಮ ಕಡೆಯಿಂದ ಧಾರವಾಡದ ಡಿಮ್ಹಾನ್ಸ್ ಹತ್ತಿರ, ಅದು ಮನಸ್ಸಿನ ಆರೋಗ್ಯದ ಸರ್ಕಾರಿ ಆಸ್ಪತ್ರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೆ ಅಂತಲೇ ಬೇರೆ ವಿಭಾಗ ಇದೆ. ಅಷ್ಟು ದೂರ ಹೋಗುವ ಮೊದಲು ಮಾತಾಡಬೇಕು ಅಂದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮನಸ್ಸಿನ ಆರೋಗ್ಯದ ಸಹಾಯವಾಣಿ, ಟೆಲಿ ಮನಸ್ ಅಂತ ಹೆಸರು, 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮಗನ ವಿಷಯಕ್ಕೆ ಮಾತ್ರ ಅಲ್ಲ, ಅಡುಗೆಮನೆಯಲ್ಲಿ ಒಬ್ಬರೇ ಕೂತಿದ್ದಿರಲ್ಲ, ಅಂಥ ಹೊತ್ತಿಗೂ ಆ ನಂಬರು ಇದೆ.

ಹುಚ್ಚಾಸ್ಪತ್ರೆ ಅನ್ನೋ ಮಾತಿಗೆ ಬರುತ್ತೇನೆ. ಆ ಪದ ನನ್ನನ್ನೂ ಒಂದು ವರ್ಷ ಮನೆಯಲ್ಲೇ ಕಟ್ಟಿಹಾಕಿತ್ತು. ನನ್ನ ಮಗಳು ಎರಡನೇ ಕ್ಲಾಸಲ್ಲಿದ್ದಾಗ ದಿನಾ ಶಾಲೆಯಿಂದ ಫೋನ್ ಬರುತ್ತಿತ್ತು. ಕೊನೆಗೆ ಕರೆದುಕೊಂಡು ಹೋದ ದಿನ, ಪರಿಚಯದವರು ಯಾರಾದರೂ ಸಿಕ್ಕಾರು ಅಂತ ಸೆರಗನ್ನು ಮುಖದವರೆಗೆ ಎಳೆದುಕೊಂಡು ಮೂಲೆಯ ಬೆಂಚಲ್ಲಿ ಕೂತಿದ್ದೆ. ಸುತ್ತ ನೋಡಿದರೆ ನನ್ನಂಥವರೇ ಇಪ್ಪತ್ತು ಜನ. ಒಬ್ಬರು ಅಮ್ಮ ಡಬ್ಬಿ ತೆಗೆದು ನಮಗೂ ಚಪಾತಿ ಕೊಟ್ಟರು, ಮಕ್ಕಳು ಕೆಳಗೆ ಕೂತು ಆಡುತ್ತಿದ್ದರು. ನಾನು ಕಳೆದುಕೊಂಡದ್ದು ಆ ಒಂದು ವರ್ಷವನ್ನು, ನೀವು ಕಳೆದುಕೊಳ್ಳಬೇಡಿ. ಅಂದಹಾಗೆ ಚಿಕಿತ್ಸೆಯ ವಿಷಯ ಗುಟ್ಟಾಗಿರಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳುತ್ತದೆ. ಊರಲ್ಲಿ ಯಾರಿಗೆ ಹೇಳಬೇಕು, ಯಾರಿಗೆ ಬೇಡ ಅನ್ನೋದು ನಿಮ್ಮ ಕೈಲಿದೆ.

ಹೋಗುವಾಗ ನಿಮ್ಮ ಯಜಮಾನರೂ ಬರಲೇಬೇಕು. ಅವರಿಗೆ ಹೀಗೆ ಹೇಳಿ ನೋಡಿ: 'ನೀವೂ ಚಿಕ್ಕವರಿದ್ದಾಗ ಹೀಗೇ ಇದ್ರಿ ಅಂತೀರಲ್ಲ, ಅದನ್ನೇ ಡಾಕ್ಟರ ಹತ್ತಿರ ಹೇಳಬೇಕು, ಅದು ನನಗೆ ಗೊತ್ತಿಲ್ಲ.' ಇದು ಅವರನ್ನು ಒಪ್ಪಿಸೋಕೆ ಅಂತ ಹೇಳೋ ಸುಳ್ಳಲ್ಲ. ಇಂಥ ಚಡಪಡಿಕೆ ಎಷ್ಟೋ ಮನೆಗಳಲ್ಲಿ ತಲೆಮಾರಿನಿಂದ ಬರುತ್ತದೆ, ಹಾಗಾಗಿ ಡಾಕ್ಟರು ಅದನ್ನು ಕೇಳೇ ಕೇಳುತ್ತಾರೆ. ಅತ್ತೆಯವರ ಜೊತೆ ವಾದಕ್ಕೆ ಇಳಿಯಬೇಡಿ, ಮುದ್ದು ಮಾಡಿದ್ದಕ್ಕೆ ಯಾವ ಮಗುವೂ ಬಾಯಿ ತೆರೆದು ಗೊರಕೆ ಹೊಡೆಯಲ್ಲ. ಅವರಿಗೂ ಒಂದು ಕೆಲಸ ಕೊಡಿ. ರಾತ್ರಿ ಮೊಮ್ಮಗ ಪಕ್ಕದಲ್ಲಿ ಮಲಗಿದಾಗ ಉಸಿರು ನಡುವೆ ನಿಂತ ಹಾಗಾಗಿ ಮತ್ತೆ ಎಳೆದುಕೊಳ್ಳುತ್ತಾನಾ ಅಂತ ನೋಡಲಿ. ಡಾಕ್ಟರಿಗೆ ಇದು ತುಂಬಾ ಬೇಕಾದ ಮಾತು.

ನೀವೂ ಒಂದು ನೂರು ಪುಟದ ನೋಟ್‌ಬುಕ್ ಇಟ್ಟುಕೊಳ್ಳಿ. ಅವನು ಹೊಡೆದಾಗ, ಕಿರುಚಿದಾಗ ಮೂರೇ ಸಾಲು ಸಾಕು. ಅದಕ್ಕೆ ಸ್ವಲ್ಪ ಮೊದಲು ಏನಾಗಿತ್ತು, ಅವನು ಏನು ಮಾಡಿದ, ಆಮೇಲೆ ನೀವೆಲ್ಲ ಏನು ಮಾಡಿದಿರಿ. ಎರಡು ವಾರ ಬರೆದರೆ ನಿಮಗೇ ಏನೋ ಒಂದು ಕಾಣಿಸುತ್ತದೆ. ಹಸಿವಿನ ಹೊತ್ತು ಇರಬಹುದು, ಟಿವಿ ಆರಿಸಿದ ಹೊತ್ತು ಇರಬಹುದು, ಹಿಂದಿನಿಂದ ಯಾರೋ ಬಂದು ಮುಟ್ಟಿದ್ದಿರಬಹುದು. ಕಚ್ಚಿದ ದಿನ ಆ ಇನ್ನೊಬ್ಬ ಹುಡುಗ ಏನು ಮಾಡಿದ್ದ ಅಂತ ಯಾರಾದರೂ ಕೇಳಿದ್ದಾರಾ?

ಹಟ ಮಾಡಿದಾಗೆಲ್ಲ ಮೊಬೈಲ್ ಕೊಟ್ಟು ಸುಮ್ಮನಾಗಿಸುತ್ತಿದ್ದರೆ ಅದನ್ನು ನಿಲ್ಲಿಸಿ. ಆದರೆ ಒಂದು ಗೊತ್ತಿರಲಿ, ನಿಲ್ಲಿಸಿದ ಮೊದಲ ಕೆಲವು ದಿನ ಕೂಗಾಟ ಜಾಸ್ತಿಯೇ ಆಗುತ್ತದೆ. ತುಂಬಾ ಜನ ಅಲ್ಲೇ ಸೋತು ಮತ್ತೆ ಕೊಟ್ಟುಬಿಡುತ್ತಾರೆ. ಮನೆಯವರೆಲ್ಲ ಮೊದಲೇ ಮಾತಾಡಿಕೊಂಡು, ಗಟ್ಟಿಯಾಗಿ ನಿಂತು ಆ ದಿನಗಳನ್ನು ದಾಟಿ.

ಶಾಲೆಗೆ ಹೋಗುವಾಗ ಜಗಳದ ಮುಖ ಹೊತ್ತುಕೊಂಡು ಹೋಗಬೇಡಿ, ತಲೆ ತಗ್ಗಿಸಿಕೊಂಡೂ ಹೋಗಬೇಡಿ. 'ಕಿವಿ ಪರೀಕ್ಷೆ ಮಾಡಿಸ್ತಾ ಇದ್ದೀವಿ, ಅಲ್ಲಿವರೆಗೆ ಮುಂದಿನ ಬೆಂಚಲ್ಲಿ ಕೂರಿಸಿ, ಕ್ಲಾಸಲ್ಲಿ ನೀವು ನೋಡಿದ್ದನ್ನು ಒಂದು ಹಾಳೆಯಲ್ಲಿ ಬರೆದುಕೊಡಿ, ಡಾಕ್ಟರಿಗೆ ತೋರಿಸ್ತೀವಿ' ಅಂತ ಕೇಳಿ. ಕಚ್ಚಿಸಿಕೊಂಡ ಮಗುವಿನ ಅಪ್ಪ ಅಮ್ಮನ ಹತ್ತಿರ ಹೋಗಿ ಒಂದು ಮಾತಾಡಿ ಬನ್ನಿ, ಅವರಿಗೂ ಸಂಕಟ ಆಗಿದೆ. ಇಷ್ಟಾದರೂ ಟಿಸಿ ಮಾತು ನಿಲ್ಲದಿದ್ದರೆ, 2009ರ ಶಿಕ್ಷಣ ಹಕ್ಕು ಕಾಯ್ದೆ ಏನು ಹೇಳುತ್ತದೆ ಅಂತ ಮೆತ್ತಗೆ ನೆನಪಿಸಿ. ಎಂಟನೇ ಕ್ಲಾಸು ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವ ಹಾಗಿಲ್ಲ. ಹೊಡೆಯುವ ಹಾಗೂ ಇಲ್ಲ, ಮನಸ್ಸಿಗೆ ನೋವಾಗುವಂತೆ ಕಾಡುವ ಹಾಗೂ ಇಲ್ಲ. ಅಲ್ಪಸಂಖ್ಯಾತ ಸಂಸ್ಥೆಗಳ ಶಾಲೆ ಬಿಟ್ಟು ಖಾಸಗಿ ಶಾಲೆಗಳಿಗೂ ಇದು ಅನ್ವಯಿಸುತ್ತದೆ. ಕೇಳದಿದ್ದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಬರವಣಿಗೆಯಲ್ಲಿ ಕೊಡಿ.

ಕೊನೆಗೆ ಆ ಸೌಟಿನ ವಿಷಯ. ಹೊಡೆದದ್ದು ತಪ್ಪು, ನಿಮಗೂ ಗೊತ್ತು, ಅದಕ್ಕೇ ಅತ್ತಿದ್ದೀರಿ. ಎಲ್ಲರೂ ಬೆರಳು ತೋರಿಸಿದ್ದು ನಿಮ್ಮ ಕಡೆಗೆ, ಒಬ್ಬರೂ ಜೊತೆಗೆ ನಿಂತಿಲ್ಲ, ಕೈ ಮೀರಿತು. ಇನ್ನು ಮೇಲೆ ಹಾಗೆ ಸಿಟ್ಟು ಬಂದಾಗ ಅವನನ್ನು ಅತ್ತೆಯವರ ಕೈಗೆ ಕೊಟ್ಟು ಹಿತ್ತಲಿಗೆ ಹೋಗಿಬಿಡಿ, ಅನ್ನ ಸೀದು ಹೋದರೂ ಪರವಾಗಿಲ್ಲ. ಇವತ್ತು ಸಂಜೆ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವತ್ತು ಅಮ್ಮ ಹೊಡೆದದ್ದು ತಪ್ಪು ಕಣೋ ಅಂತ ಹೇಳಿ. ಟಿವಿ ಆರಿಸಿ, ಅವನ ಮುಖ ನೋಡಿಕೊಂಡು, ಅವನಿಗೆ ಚೆನ್ನಾಗಿ ಕೇಳಿಸೋ ಹಾಗೆ ಹೇಳಿ.