ಶನಿವಾರ, ಭಾನುವಾರ ಮಾತ್ರ ಬರುತ್ತಿದ್ದ ಹೊಟ್ಟೆನೋವು

(ಗುರುತು ಸಿಗದಿರಲಿ ಅಂತ ಕೆಲವು ವಿವರ ಬದಲಿಸಿದ್ದೇನೆ.)

ಹುಡುಗನಿಗೆ ಹನ್ನೆರಡು ವರ್ಷ. ಶನಿವಾರ, ಭಾನುವಾರ ಬೆಳಿಗ್ಗೆ ಐದೂವರೆಗೆ ಸರಿಯಾಗಿ ಹೊಟ್ಟೆನೋವು. ಸೋಮವಾರ ಏನೂ ಇಲ್ಲ. ಮಕ್ಕಳ ಡಾಕ್ಟರು ನೋಡಿ, ಹೊಟ್ಟೆಯಲ್ಲಿ ತೊಂದರೆ ಕಾಣುತ್ತಿಲ್ಲ ಅಂದು ಆಪ್ತಸಲಹೆಗಾರ್ತಿಯಾದ ನನ್ನ ಹತ್ತಿರ ಕಳಿಸಿದ್ದರು. ಸ್ಕೂಲಿನ ಭಯವಾದರೆ ನೋವು ಸೋಮವಾರ ಬರಬೇಕು. ಇವನದು ಉಲ್ಟಾ. ವಾರದ ಕೊನೆಗೆ ಏನಿರುತ್ತೆ ಪುಟ್ಟ ಅಂತ ಕೇಳಿದೆ. ಅಪ್ಪನ ಮುಖ ನೋಡಿಕೊಂಡು "ಕ್ರಿಕೆಟ್" ಅಂದ.

ಜಯನಗರದ ಕಡೆಯ ಒಂದು ಕ್ಲಬ್. ಬ್ಯಾಟಿಂಗ್ ಅಭ್ಯಾಸಕ್ಕೆ ಬಲೆ ಕಟ್ಟಿದ ಎರಡು ನೆಟ್ಸ್, ಅರವತ್ತು ಮಕ್ಕಳು. ನಮ್ಮೂರಲ್ಲಿ ಮೈದಾನ ಎಷ್ಟಿದೆ ಅಂತ ಗೊತ್ತಲ್ವಾ, ಭಾಗ ಮಾಡದೆ ಅವರಿಗೂ ಬೇರೆ ದಾರಿಯಿಲ್ಲ. ಎರಡು ವರ್ಷ ಎ ಬ್ಯಾಚ್‌ನಲ್ಲಿದ್ದ ಹುಡುಗ ಈ ಜೂನ್‌ನಲ್ಲಿ ಬಿ ಬ್ಯಾಚ್‌ಗೆ ಬಂದ. ಲಿಸ್ಟ್ ಬಂದದ್ದು ರಾತ್ರಿ ಹತ್ತಕ್ಕೆ, ಪೋಷಕರ ವಾಟ್ಸಾಪ್ ಗ್ರೂಪಿಗೆ. ಬೆಳಿಗ್ಗೆ ತಂದೆ ಮೈದಾನಕ್ಕೆ ಹೋಗಿ ಕೋಚ್ ಮೇಲೆ ಕೂಗಾಡಿದ್ದರು.

"ಇವನ ಜಾಗಕ್ಕೆ ಬಂದ ಹುಡುಗನ ಅಪ್ಪ ಕ್ಲಬ್ಬಿಗೆ ಬೌಲಿಂಗ್ ಮಷೀನ್ ಕೊಡಿಸಿದ್ದಾರೆ ಮೇಡಂ. ಇಷ್ಟೂ ಅರ್ಥ ಆಗಲ್ವಾ ನಮಗೆ?"

ಅವರ ಅನುಮಾನ ನಿಜವೋ ಸುಳ್ಳೋ, ನನಗೆ ತಿಳಿಯುವ ದಾರಿ ಇರಲಿಲ್ಲ. ಹಾಗಂತ ತಳ್ಳಿಹಾಕಲೂ ಇಲ್ಲ. ದುಡ್ಡು ಕೊಟ್ಟವರ ಮಗನನ್ನು ಅದೇ ಕ್ಲಬ್ಬಿನವರು ಸೆಲೆಕ್ಟ್ ಮಾಡಿದರೆ, ಆಟ ನಿಜಕ್ಕೂ ಚೆನ್ನಾಗಿದ್ದರೂ ಜನ ನಂಬುವುದು ಕಷ್ಟ. ಅದು ಕ್ಲಬ್ಬಿನ ತಪ್ಪೇ.

ಹುಡುಗನ ಹತ್ತಿರ ಒಬ್ಬಳೇ ಮಾತಾಡಿದೆ. ಜಾಗ ಹೋದದ್ದೇ ನೋವು ಅಂತ ನಾನು ಎಣಿಸಿದ್ದೆ. ಅವನು ಬೇರೆಯೇ ಹೇಳಿದ. "ಬೇಜಾರಾಯ್ತು ಆಂಟಿ. ಆದ್ರೆ ಅಪ್ಪ ಕಿರುಚಿದ್ದು ಎಲ್ರೂ ನೋಡಿದ್ರು. 'ಇವತ್ತು ನಿಮ್ಮಪ್ಪ ಬರಲ್ವಾ' ಅಂತ ರೇಗಿಸ್ತಾರೆ." ಮಷೀನ್ ಕೊಡಿಸಿದವರ ಮಗನೇ ಇವನ ಜೀವದ ಗೆಳೆಯ. ಇಬ್ಬರೂ ಒಂದೇ ಕಾರಲ್ಲಿ ಹೋಗುತ್ತಿದ್ದರು. ಈಗ ಅದೂ ನಿಂತಿತ್ತು.

ಹುಟ್ಟಿದ ದಿನ ಕೇಳಿದೆ. ಆಗಸ್ಟ್ ಕೊನೆಯ ವಾರ. ಭಾರತದ ಕ್ರಿಕೆಟ್ ಮಂಡಳಿ ಬಿಸಿಸಿಐನ ವಯೋಮಿತಿ ಲೆಕ್ಕ ಸೆಪ್ಟೆಂಬರ್ 1ರಿಂದ. ಕ್ಲಬ್‌ಗಳೂ ಅದನ್ನೇ ನೋಡಿಕೊಂಡು ಮಕ್ಕಳನ್ನು ಕೂಡಿಸುತ್ತವೆ. ಅಂದರೆ ಸೆಪ್ಟೆಂಬರ್‌ನಲ್ಲಿ ಹುಟ್ಟಿದ, ಇವನಿಗಿಂತ ಹೆಚ್ಚುಕಮ್ಮಿ ಒಂದು ವರ್ಷ ದೊಡ್ಡ ಹುಡುಗನ ಜೊತೆಗೇ ಇವನ ಹೋಲಿಕೆ. ಸಾಲದ್ದಕ್ಕೆ, ಗಂಡುಮಕ್ಕಳಲ್ಲಿ ಪ್ರೌಢಾವಸ್ಥೆ 9ರಿಂದ 14ರೊಳಗೆ ಯಾವಾಗ ಬೇಕಾದರೂ ಶುರುವಾಗಬಹುದು. ಒಬ್ಬ ಸಿಕ್ಸ್ ಹೊಡೆಯುತ್ತಾನೆ, ಇನ್ನೊಬ್ಬನ ಕೈಗೆ ಬ್ಯಾಟೇ ಭಾರ. ಹುಟ್ಟಿದ ತಿಂಗಳಿನ ಈ ಪ್ರಭಾವವನ್ನು ಕೆನಡಾದ ಐಸ್ ಹಾಕಿಯಲ್ಲಿ 1980ರ ದಶಕದಲ್ಲೇ ಗುರುತಿಸಿದ್ದರು. ಅಲ್ಲಿ ವಯಸ್ಸಿನ ಲೆಕ್ಕ ಜನವರಿ 1ರಿಂದ. ಒಳ್ಳೆಯ ತಂಡಗಳಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಜಾಸ್ತಿ ಇದ್ದರು.

ಆಮೇಲಿನದು ಇನ್ನೂ ಕೆಟ್ಟದ್ದು. ಎ ಬ್ಯಾಚ್‌ಗೆ ದೊಡ್ಡ ಕೋಚ್, ಟರ್ಫ್ ವಿಕೆಟ್ (ಮಣ್ಣು-ಹುಲ್ಲಿನ ನಿಜವಾದ ಪಿಚ್), ತಿಂಗಳಿಗೆ ನಾಲ್ಕು ಮ್ಯಾಚ್. ಬಿ ಬ್ಯಾಚ್‌ಗೆ ಮ್ಯಾಟ್ ಹಾಸಿದ ಪಿಚ್, ಕ್ಯಾಚಿಂಗ್ ಪ್ರಾಕ್ಟೀಸ್, ಚೆಂಡು ಹೆಕ್ಕುವುದು. ಒಂದು ವರ್ಷ ಹೀಗೇ ನಡೆದರೆ ನಿಜವಾಗಿಯೂ ಅಂತರ ಬೀಳುತ್ತದೆ. ಆಗ ಲಿಸ್ಟ್ ಮಾಡಿದವರು "ನೋಡಿ, ನಾವು ಸರಿಯಾಗೇ ಆರಿಸಿದ್ದೆವು" ಅನ್ನುತ್ತಾರೆ!

ಇದನ್ನು ಕೇಳಿದ ತಂದೆ ನಗುತ್ತಾ, "ಹಾಗಾದ್ರೆ ಬರ್ತ್ ಸರ್ಟಿಫಿಕೇಟ್ ಸ್ವಲ್ಪ ಸರಿ ಮಾಡಿಸಿದ್ರೆ? ಎಲ್ಲಾ ಮಾಡ್ತಾರೆ" ಅಂದರು. ಸಲಹೆಗಾರರು ಗದರಬಾರದು, ನಿಜ. ನಾನು ಸ್ವಲ್ಪ ಗದರಿದೆ. ನಮ್ಮ ಬೆಂಗಳೂರಿನ ರಾಹುಲ್ ದ್ರಾವಿಡ್ 2015ರ ಪಟೌಡಿ ಉಪನ್ಯಾಸದಲ್ಲಿ ಈ ವಯಸ್ಸಿನ ಮೋಸವನ್ನು ಮ್ಯಾಚ್ ಫಿಕ್ಸಿಂಗ್ ಸಾಲಿಗೇ ಸೇರಿಸಿದ್ದರು. 16ರೊಳಗಿನ ಹುಡುಗರ ಮಣಿಕಟ್ಟಿನ ಎಕ್ಸ್‌ರೇ ತೆಗೆಸಿ ಮೂಳೆಯ ವಯಸ್ಸು ನೋಡುವ ಪದ್ಧತಿಯೂ ಬಿಸಿಸಿಐನಲ್ಲಿದೆ. ಅದೆಲ್ಲ ಇರಲಿ. ನೀನು ಇರುವ ಹಾಗೆ ಸಾಲದು ಅಂತ ಮಗನಿಗೆ ಹೇಳುವವರು ಆಗ ಕೋಚ್ ಅಲ್ಲ, ನೀವಾಗುತ್ತೀರಿ ಸರ್ ಅಂದೆ. ಅವರು ಸುಮ್ಮನಾದರು.

ಕೊಟ್ಟ ಸಲಹೆ ಇಷ್ಟು. ಮೈದಾನದಲ್ಲಿ ಮಾತು ಬೇಡ, ಸಮಯ ಕೇಳಿಕೊಂಡು ಕೋಚ್‌ನ ಪ್ರತ್ಯೇಕವಾಗಿ ನೋಡಿ. "ನನ್ನ ಮಗನನ್ನು ಯಾಕೆ ತೆಗೆದಿರಿ" ಅನ್ನಬೇಡಿ. ಲಿಸ್ಟ್ ಮಾಡುವವರು ಎಷ್ಟು ಜನ, ಏನನ್ನು ನೋಡುತ್ತಾರೆ, ಮತ್ತೆ ಯಾವಾಗ ನೋಡುತ್ತಾರೆ, ಬಿ ಬ್ಯಾಚ್‌ಗೆ ನೆಟ್ಸ್ ಎಷ್ಟು ಹೊತ್ತು, ಮ್ಯಾಚ್ ಎಷ್ಟು ಅಂತ ಕೇಳಿ. ಇದು ಎಲ್ಲ ಮಕ್ಕಳ ಪರವಾಗಿ ಕೇಳುವ ಪ್ರಶ್ನೆ, ಉತ್ತರ ಕೊಡಲು ಅವರಿಗೂ ಸುಲಭ. ಲಿಸ್ಟ್ ಹಾಕುವ ಮುಂಚೆ ಮಗುವಿಗೆ ಮುಖ ನೋಡಿ ಹೇಳಿ ಅಂತಲೂ ಕೇಳಿಕೊಳ್ಳಿ. ಮಷೀನ್ ವಿಷಯ ಮಗನ ಮುಂದೆ ಎತ್ತಬೇಡಿ. ಗೆಳೆಯರಿಬ್ಬರೂ ಒಂದೇ ಕಾರಲ್ಲಿ ಹೋಗುವುದು ಮತ್ತೆ ಶುರುವಾಗಲಿ. ಮನೆಗೆ ಬರುವ ದಾರಿಯಲ್ಲಿ ಆಟದ ವಿಚಾರಣೆ ಬೇಡ, ದೋಸೆ ಕೊಡಿಸಿ. ಮಗನ ಹತ್ತಿರ ಕ್ಷಮೆ ಕೇಳಿ ಅನ್ನುವುದು ಮಾತ್ರ ಅವರಿಗೆ ನುಂಗಲಾರದ ತುತ್ತಾಯಿತು. ಎರಡು ವಾರ ಹಿಡಿಯಿತು. ಕೇಳಿದರು.

ಕ್ಲಬ್ ಅರ್ಧ ಒಪ್ಪಿತು. ಮೂರು ತಿಂಗಳಿಗೊಮ್ಮೆ ಲಿಸ್ಟ್ ಮತ್ತೆ ನೋಡುತ್ತಾರಂತೆ. ಟರ್ಫ್ ಮಾತ್ರ ಎ ಬ್ಯಾಚ್‌ಗೇ. ಹೊಟ್ಟೆನೋವು ನಾಲ್ಕನೇ ವಾರದಿಂದ ಇಲ್ಲ. ಹುಡುಗ ಇನ್ನೂ ಬಿ ಬ್ಯಾಚ್‌ನಲ್ಲೇ ಇದ್ದಾನೆ. ಕ್ಲಬ್ ಬದಲಿಸೋಣ ಅಂತ ತಂದೆಗಿದೆ. ಪರೀಕ್ಷೆ ಮುಗಿಯುವವರೆಗೆ ಆ ಮಾತು ಬೇಡ ಅಂತ ಮನೆಯ ಮೂವರೂ ಒಪ್ಪಿದ್ದಾರೆ.