ಹೆರಿಗೆಯಾದ ಮೇಲೆ ಖಿನ್ನತೆಯಿಂದ ಮಗುವನ್ನು ಎತ್ತಿಕೊಳ್ಳಲು ಆಗಲಿಲ್ಲ, ಮಗಳ ಮೆದುಳಿಗೆ ಶಾಶ್ವತ ತೊಂದರೆ ಆಗಿದೆಯಾ?

ಶಾಶ್ವತವಾಗಿ ಏನೋ ಹಾಳಾಗಿದೆ ಅನ್ನುವುದಕ್ಕೆ ನೀವು ಬರೆದದ್ದರಲ್ಲಿ ಏನೂ ಇಲ್ಲ. ಮೊದಲು ಅಷ್ಟು ಹೇಳಿಬಿಡುತ್ತೇನೆ.

ಹೆರಿಗೆಯಾಗಿ ನಾಲ್ಕೈದು ತಿಂಗಳು ಖಿನ್ನತೆ ಇತ್ತು, ಮಗು ಅತ್ತರೂ ಎತ್ತಿಕೊಳ್ಳಲು ಮನಸ್ಸಾಗುತ್ತಿರಲಿಲ್ಲ, ಎಣ್ಣೆ ಹಚ್ಚಿ ನೀರು ಹಾಕುವುದು, ಮಲಗಿಸುವುದು ಎಲ್ಲ ನಿಮ್ಮ ಅಮ್ಮನೇ ಮಾಡಿದರು ಅಂದಿದ್ದೀರಿ. ಈಗ ಮಗಳಿಗೆ ಒಂದೂವರೆ ವರ್ಷ. ತಾಯಿ ಇಲಿ ನೆಕ್ಕದಿದ್ದರೆ ಮರಿಯ ಮೆದುಳು ಬದಲಾಗುತ್ತದೆ ಅಂತ ಎಲ್ಲೋ ಓದಿ ನಿದ್ದೆ ಕೆಡಿಸಿಕೊಂಡಿದ್ದೀರಿ. ನಾನು ನರವಿಜ್ಞಾನ ಓದಿದವಳು, ಒತ್ತಡದ ಬಗ್ಗೆ ಸಂಶೋಧನೆ ಮಾಡುವ ಲ್ಯಾಬ್‌ನಲ್ಲಿ ಕೆಲಸ ಮಾಡಿದ್ದೇನೆ. ಆ ಪ್ರಯೋಗದ ಪೂರ್ತಿ ಕಥೆ ನಿಮಗೆ ಯಾರೂ ಹೇಳಿಲ್ಲ.

ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಮೈಕಲ್ ಮೀನಿ ಅವರ ತಂಡ ಮಾಡಿದ ಕೆಲಸ ಅದು. ಕೆಲವು ತಾಯಿ ಇಲಿಗಳು ಮರಿಗಳನ್ನು ಜಾಸ್ತಿ ನೆಕ್ಕುತ್ತವೆ, ಕೆಲವು ಕಡಿಮೆ. ಮೊದಲ ಹತ್ತು ದಿನ ಜಾಸ್ತಿ ನೆಕ್ಕಿಸಿಕೊಂಡ ಮರಿಗಳು ದೊಡ್ಡವಾದ ಮೇಲೆ ಒತ್ತಡ ಬಂದರೆ ಬೇಗ ಸಮಾಧಾನಕ್ಕೆ ಬರುತ್ತವೆ ಅಂತ 1997ರಲ್ಲಿ ತೋರಿಸಿದರು. ಒತ್ತಡದ ಹಾರ್ಮೋನ್ ಏರಿದ್ದನ್ನು ಗುರುತಿಸಿ 'ಸಾಕು, ನಿಲ್ಲಿಸು' ಅನ್ನುವ ರಿಸೆಪ್ಟರ್‌ಗಳು ಅವುಗಳ ಹಿಪೊಕ್ಯಾಂಪಸ್‌ನಲ್ಲಿ, ಅಂದರೆ ಮೆದುಳಿನಲ್ಲಿ ನೆನಪಿನ ಕೆಲಸ ಮಾಡುವ ಭಾಗದಲ್ಲಿ, ಜಾಸ್ತಿ ಇದ್ದವು. ಆ ರಿಸೆಪ್ಟರ್‌ನ ಜೀನ್ ಮೇಲೆ ಮಿಥೈಲ್ ಎಂಬ ರಾಸಾಯನಿಕ ಗುರುತು ಕೂತರೆ ಜೀನ್‌ನ ಕೆಲಸ ಕುಗ್ಗುತ್ತದೆ, ಮೊದಲ ವಾರದಲ್ಲಿ ಚೆನ್ನಾಗಿ ನೆಕ್ಕಿಸಿಕೊಂಡ ಮರಿಗಳಲ್ಲಿ ಆ ಗುರುತು ಕಡಿಮೆ ಅಂತ 2004ರಲ್ಲಿ ಗೊತ್ತಾಯಿತು.

ಜನ ಹಂಚಿಕೊಳ್ಳುವುದು ಇಷ್ಟನ್ನೇ. ಇಲ್ಲಿಗೆ ನಿಲ್ಲಿಸಿ ತಾಯಂದಿರನ್ನು ಹೆದರಿಸುವುದು ನೋಡಿದರೆ ನನಗೆ ನಿಜವಾಗಿಯೂ ಸಿಟ್ಟು ಬರುತ್ತದೆ.

ಯಾಕೆಂದರೆ ಅದೇ ತಂಡ ಮರಿಗಳನ್ನು ಅದಲುಬದಲು ಮಾಡಿಯೂ ನೋಡಿತು. ಕಡಿಮೆ ನೆಕ್ಕುವ ತಾಯಿಗೆ ಹುಟ್ಟಿದ ಮರಿಯನ್ನು ಜಾಸ್ತಿ ನೆಕ್ಕುವ ತಾಯಿಯ ಹತ್ತಿರ ಬಿಟ್ಟರೆ, ಆ ಮರಿಯೂ ಸಾಕಿದ ತಾಯಿಯ ಮರಿಗಳ ಹಾಗೇ ಬೆಳೆಯಿತು. ಲೆಕ್ಕಕ್ಕೆ ಬಂದದ್ದು ಸಿಕ್ಕ ಆರೈಕೆ, ಅದನ್ನು ಹೆತ್ತವಳೇ ಕೊಡಬೇಕು ಅಂತಿರಲಿಲ್ಲ. ನಿಮ್ಮ ಮಗಳಿಗೆ ಅಜ್ಜಿಯ ಕೈ ಸಿಕ್ಕಿತ್ತು ಅಲ್ವಾ?

ಇನ್ನೊಂದು, ತಾಯಿ ಯಾಕೆ ಕಡಿಮೆ ನೆಕ್ಕುತ್ತದೆ ಅನ್ನುವುದು. ಚೆನ್ನಾಗಿ ನೆಕ್ಕುವ ಇಲಿಯನ್ನೇ ಬಸುರಿಯಲ್ಲಿ ಒತ್ತಡಕ್ಕೆ ಒಡ್ಡಿದರೆ ಅದೂ ನೆಕ್ಕುವುದನ್ನು ಕಡಿಮೆ ಮಾಡುತ್ತದೆ. ಕ್ಯಾಲಿಫೋರ್ನಿಯಾದ ಅರ್ವೈನ್‌ನಲ್ಲಿ ಟ್ಯಾಲಿ ಬರಾಮ್ ಅವರ ತಂಡ ಮರಿಗಳನ್ನು ಮುಟ್ಟಲೇ ಇಲ್ಲ, ಗೂಡು ಕಟ್ಟಲು ತಾಯಿಗೆ ಕೊಡುವ ಹಾಸನ್ನಷ್ಟೇ ಕಡಿಮೆ ಮಾಡಿತು. ಅಷ್ಟಕ್ಕೇ ಅದರ ಆರೈಕೆ ತುಂಡುತುಂಡಾಗುತ್ತದೆ. ಮರಿಗಳ ಹತ್ತಿರ ಬರುತ್ತದೆ, ಹಾಲು ಕೊಡಲು ಶುರು ಮಾಡುತ್ತದೆ, ಅರ್ಧಕ್ಕೇ ಎದ್ದು ಹೋಗುತ್ತದೆ, ಮತ್ತೆ ಬರುತ್ತದೆ. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ, ಆ ಇಲಿಯನ್ನು ಕೆಟ್ಟ ತಾಯಿ ಅನ್ನಲು ನನಗೆ ಯಾವತ್ತೂ ಆಗಿಲ್ಲ. ನೀವು ನಿಮ್ಮ ಬಗ್ಗೆ ಬರೆದುಕೊಂಡ ಮಾತುಗಳನ್ನು ಓದಿದಾಗ ಅದೇ ನೆನಪಾಯಿತು.

ಬದಲಾದ ಮೆದುಳು ಅಂದರೆ ಕೆಟ್ಟುಹೋದ ಮೆದುಳು ಅಂತಲೂ ಅಲ್ಲ. ಕಡಿಮೆ ನೆಕ್ಕಿಸಿಕೊಂಡ ಇಲಿಗಳು ಸಾಮಾನ್ಯ ಸಮಯದಲ್ಲಿ ಕಲಿಯುವುದು ನಿಧಾನ, ಆದರೆ ಒತ್ತಡದ ಹಾರ್ಮೋನ್ ಏರಿದಾಗ ಅವುಗಳ ಹಿಪೊಕ್ಯಾಂಪಸ್ ಇನ್ನೂ ಚುರುಕಾಗುತ್ತದೆ, ಅಪಾಯದ ಜಾಗ ಚೆನ್ನಾಗಿ ನೆನಪಿರುತ್ತದೆ. ತಾಯಿಯಿಂದ ದಿನಾ ದೂರವಿಟ್ಟು ಬೆಳೆಸಿದ ಮರಿಗಳನ್ನು ಆಮೇಲೆ ಆಟದ ಸಾಮಾನು, ಸಂಗಡಿಗರು ಇರುವ ದೊಡ್ಡ ಪಂಜರಕ್ಕೆ ಹಾಕಿದಾಗ ಅವುಗಳ ಒತ್ತಡದ ಪ್ರತಿಕ್ರಿಯೆ ಸರಿಹೋಯಿತು ಅಂತ 2002ರಲ್ಲಿ ಬಂದ ವರದಿಯೂ ಇದೆ.

ಮನುಷ್ಯರ ಮಕ್ಕಳಲ್ಲಿ ನಿಜವಾದ ಕೊರತೆ ಹೇಗಿರುತ್ತದೆ ಅನ್ನುವುದಕ್ಕೆ ರೊಮೇನಿಯಾದ ಅನಾಥಾಲಯಗಳನ್ನು ನೋಡಬೇಕು. ಅಲ್ಲಿ ಒಬ್ಬೊಬ್ಬ ಆಯಾಗೆ ಎಷ್ಟೋ ಮಕ್ಕಳು, ಪಾಳಿ ಬದಲಾದರೆ ಆಯಾನೂ ಬೇರೆ. ಬುಕಾರೆಸ್ಟ್‌ನಲ್ಲಿ ಅಂಥ 136 ಮಕ್ಕಳಲ್ಲಿ ಅರ್ಧದಷ್ಟು ಮಕ್ಕಳನ್ನು ಸಾಕು ಕುಟುಂಬಗಳಿಗೆ ಕೊಟ್ಟು ಹೋಲಿಸಿದರು. ಮನೆ ಸಿಕ್ಕ ಮಕ್ಕಳ ಬುದ್ಧಿಮತ್ತೆ ಏರಿತು, ಎರಡು ವರ್ಷದೊಳಗೆ ಹೋದವರಲ್ಲಿ ಜಾಸ್ತಿ. ನಿಮ್ಮ ಮನೆಗೂ ಆ ಜಾಗಕ್ಕೂ ಹೋಲಿಕೆಯೇ ಇಲ್ಲ.

ಮಗುವಿಗೆ ಕಾರ್ಟಿಸಾಲ್ (ಒತ್ತಡದ ಹಾರ್ಮೋನ್) ಟೆಸ್ಟ್ ಮಾಡಿಸಲಾ ಅಂತಲೂ ಕೇಳಿದ್ದೀರಿ. ಬೇಡ. ಅದು ದಿನದಲ್ಲೇ ಏರಿಳಿಯುತ್ತದೆ, ಸೂಜಿ ಚುಚ್ಚಿದರೂ ಏರುತ್ತದೆ, ಅದರಿಂದ ನಿಮಗೆ ಏನೂ ಗೊತ್ತಾಗುವುದಿಲ್ಲ. ಒಂದೂವರೆ ವರ್ಷದ ಬೂಸ್ಟರ್‌ಗೆ ಹೋಗುತ್ತೀರಲ್ಲ, ಆಗ ನಡಿಗೆ, ಮಾತು, ಕರೆದರೆ ತಿರುಗುವುದು ಇದನ್ನೆಲ್ಲ ಮಕ್ಕಳ ಡಾಕ್ಟರ್ ಹತ್ತಿರ ಮಾತಾಡಿ. ಈಗಲೂ ಕೆಲವು ದಿನ ಏಳಲೇ ಆಗುವುದಿಲ್ಲ ಅಂದಿದ್ದೀರಿ, ನನಗೆ ಚಿಂತೆ ಅದರದ್ದು. ದಯವಿಟ್ಟು ಅದನ್ನು ಸುಮ್ನೆ ಬಿಡಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಬಾಣಂತಿಯರ ಮಾನಸಿಕ ತೊಂದರೆಗೆ ಅಂತಲೇ ಪ್ರತ್ಯೇಕ ವಿಭಾಗ ಇದೆ, ದಾಖಲಾಗಬೇಕಾಗಿ ಬಂದರೆ ತಾಯಿ ಮಗುವನ್ನು ಜೊತೆಯಲ್ಲೇ ಇರಿಸಿಕೊಳ್ಳುವ ವಾರ್ಡ್ ಕೂಡ ಇದೆ. ಅಷ್ಟು ದೂರ ಹೋಗಲಾಗದಿದ್ದರೆ ಇವತ್ತೇ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ದುಡ್ಡು ಬೇಡ, ಕನ್ನಡದಲ್ಲೇ ಮಾತಾಡಬಹುದು.